ನಾಲ್ಕು ಪಟ್ಟು ಎಂಬ ಜಾತಕ

ಕುಡುಕರ ಮಕ್ಕಳು ಕುಡುಕರಾಗುವ ಸಾಧ್ಯತೆ ಉಳಿದವರಿಗಿಂತ ನಾಲ್ಕು ಪಟ್ಟು ಹೆಚ್ಚು. ಈ ವಾಕ್ಯವನ್ನು ನೀವೂ ಕೇಳಿರುತ್ತೀರಿ. ಜೂನ್ 26ರ ಮಾದಕ ವಸ್ತು ವಿರೋಧಿ ದಿನ, ಅಕ್ಟೋಬರ್ 2ರ ಗಾಂಧಿ ಜಯಂತಿ, ಎನ್‌ಎಸ್‌ಎಸ್ ಶಿಬಿರದ ಸಂಜೆಯ ಉಪನ್ಯಾಸ, ಎಲ್ಲಿ ಹೋದರೂ ಸಂಪನ್ಮೂಲ ವ್ಯಕ್ತಿಯ ಬಾಯಲ್ಲಿ ಇದು ಬಂದೇ ಬರುತ್ತದೆ. ಗುರುವಾಯನಕೆರೆಯಿಂದ ನಾರಾವಿಗೆ ಹೋಗುವ ದಾರಿಯಲ್ಲಿರುವ ನಮ್ಮ ಅಳದಂಗಡಿಯಂಥ ಊರಿನಲ್ಲಂತೂ ಇದನ್ನು ಕೇಳದೆ ಬೆಳೆಯುವುದೇ ಕಷ್ಟ. ಧರ್ಮಸ್ಥಳದಿಂದ ಹೊರಟು ರಾಜ್ಯದ ಮೂಲೆ ಮೂಲೆಗೆ ಹೋದ ಮದ್ಯವರ್ಜನ ಶಿಬಿರಗಳ ತವರು ನಮ್ಮ ಬೆಳ್ತಂಗಡಿ ತಾಲೂಕು. ಇಲ್ಲಿ ವ್ಯಸನದ ಬಗ್ಗೆ ಮಾತಾಡುವವರಿಗೆ ಬರಗಾಲವಿಲ್ಲ.

ನನ್ನ ತಕರಾರು ಆ ಸಂಖ್ಯೆಯ ಮೇಲಲ್ಲ. ಆ ಸಂಖ್ಯೆಯನ್ನು ನಾವು ಬಳಸುವ ರೀತಿಯ ಮೇಲೆ. ಮನಶ್ಶಾಸ್ತ್ರದಲ್ಲಿ ‘ರಿಸ್ಕ್ ಫ್ಯಾಕ್ಟರ್’ ಎನ್ನುವುದು ಒಂದು ಗುಂಪಿನ ಬಗ್ಗೆ ಹೇಳುವ ಮಾತು. ನಮ್ಮ ಸಭಾಂಗಣಗಳಲ್ಲಿ ಅದು ಎದುರಿಗೆ ಕುಳಿತ ಮಗುವಿನ ಜಾತಕವಾಗಿಬಿಡುತ್ತದೆ. ಜಾತಕಕ್ಕಾದರೂ ಶಾಂತಿ ಹೋಮ ಉಂಟು. ವಿಜ್ಞಾನದ ಹೆಸರಿನಲ್ಲಿ ಬರೆದುಕೊಟ್ಟ ಜಾತಕಕ್ಕೆ ಅದೂ ಇಲ್ಲ. ಇನ್ನೊಂದು ಕಡೆ, ನಾವು ನಿಜವಾಗಿ ಕೈಹಾಕಿ ಬದಲಾಯಿಸಬಹುದಾದ ಅಪಾಯಗಳು ಈ ಪಟ್ಟಿಯಲ್ಲಿ ಕಾಣಿಸುವುದೇ ಇಲ್ಲ. ಈ ಎರಡು ಸಂಗತಿಗಳಿಗೂ ಸಂಬಂಧವಿದೆ ಎನ್ನುವುದು ನನ್ನ ವಾದ.

ಮೊದಲು ಆ ನಾಲ್ಕು ಪಟ್ಟಿನ ಲೆಕ್ಕವನ್ನೇ ನೋಡೋಣ. ಅದರ ಪ್ರಸಿದ್ಧ ಮೂಲ 1973ರಲ್ಲಿ ಡೊನಾಲ್ಡ್ ಗುಡ್ವಿನ್ ಮತ್ತು ಸಂಗಡಿಗರು ಡೆನ್ಮಾರ್ಕಿನಲ್ಲಿ ಮಾಡಿದ ಅಧ್ಯಯನ. ಹುಟ್ಟಿದ ಕೆಲವೇ ವಾರಗಳಲ್ಲಿ ಬೇರೆ ಮನೆಗೆ ದತ್ತು ಹೋದ ಗಂಡುಮಕ್ಕಳನ್ನು ಅವರು ದೊಡ್ಡವರಾದ ಮೇಲೆ ಹುಡುಕಿ ಮಾತಾಡಿಸಲಾಯಿತು. ಹೆತ್ತವರಲ್ಲಿ ಒಬ್ಬರು ಮದ್ಯವ್ಯಸನಿಯಾಗಿದ್ದವರು 55 ಮಂದಿ, ಅಂಥ ಹಿನ್ನೆಲೆಯಿಲ್ಲದವರು 78 ಮಂದಿ. ಮೊದಲ ಗುಂಪಿನಲ್ಲಿ 10 ಮಂದಿ ಮದ್ಯವ್ಯಸನಿಗಳಾಗಿದ್ದರು, ಎರಡನೆಯದರಲ್ಲಿ 4 ಮಂದಿ. ಶೇ. 18 ಮತ್ತು ಶೇ. 5. ಹೆಚ್ಚು ಕಡಿಮೆ ನಾಲ್ಕು ಪಟ್ಟು. ಸಾಕುತಂದೆಯ ಮನೆಯಲ್ಲಿ ಬೆಳೆದರೂ ಈ ವ್ಯತ್ಯಾಸ ಕಂಡದ್ದರಿಂದ ಕುಡಿತಕ್ಕೆ ಆನುವಂಶಿಕ ಬೇರು ಇದೆ ಎಂದು ವಾದಿಸಲು ಬಲ ಸಿಕ್ಕಿತು. ಅಧ್ಯಯನ ಮಹತ್ವದ್ದೇ.

ಈಗ ಇದೇ ಲೆಕ್ಕವನ್ನು ಇನ್ನೊಂದು ಬದಿಯಿಂದ ಓದಿ. 55ರಲ್ಲಿ 45 ಮಂದಿ ಮದ್ಯವ್ಯಸನಿಗಳಾಗಿರಲಿಲ್ಲ. ಒಂದು ತರಗತಿಯಲ್ಲಿ ಕುಡಿಯುವ ತಂದೆಯರ ಇಪ್ಪತ್ತು ಮಕ್ಕಳಿದ್ದಾರೆ ಅಂದುಕೊಳ್ಳಿ. ಆ ಅಧ್ಯಯನದ ಅನುಪಾತವನ್ನೇ ಇಟ್ಟುಕೊಂಡರೆ ಹದಿನಾರು ಮಕ್ಕಳ ಬಗ್ಗೆ ಭಾಷಣಕಾರರ ಸೂಚನೆ ಸುಳ್ಳಾಗುತ್ತದೆ. ಅವರ ಸರಾಸರಿ ವಯಸ್ಸು ಆಗ ಸುಮಾರು 30. ಮುಂದೆ ಇನ್ನೂ ಕೆಲವರು ಕುಡಿತಕ್ಕೆ ಬಿದ್ದಿರಬಹುದು, ಎರಡೂ ಗುಂಪಿನಲ್ಲಿ. ಆದರೂ ಬಹುಸಂಖ್ಯಾತರು ಯಾರು ಎನ್ನುವುದು ಸ್ಪಷ್ಟ. ಇನ್ನೊಂದು ವಿಷಯವೂ ಆ ಕೋಷ್ಟಕದಲ್ಲೇ ಇದೆ. ‘ಮದ್ಯವ್ಯಸನಿ’ಗಿಂತ ಒಂದು ಮೆಟ್ಟಿಲು ಕೆಳಗಿನ ‘ಸಮಸ್ಯಾತ್ಮಕ ಕುಡಿತ’ದ ಸಾಲಿನಲ್ಲಿ ವ್ಯಸನಿಗಳ ಮಕ್ಕಳಲ್ಲದವರದ್ದೇ ಹೆಚ್ಚಿನ ಪಾಲು. ಎರಡು ಸಾಲುಗಳನ್ನು ಕೂಡಿಸಿ ನೋಡಿದರೆ ಅಂತರ ಬಹಳ ಕುಗ್ಗುತ್ತದೆ. ಗೆರೆ ಎಲ್ಲಿ ಎಳೆಯುತ್ತೀರಿ ಎನ್ನುವುದರ ಮೇಲೆ ‘ಎಷ್ಟು ಪಟ್ಟು’ ಎನ್ನುವುದು ನಿಂತಿದೆ. ಇದನ್ನು ಯಾವ ಭಾಷಣದಲ್ಲಿಯೂ ನಾನು ಕೇಳಿಲ್ಲ.

ಇಷ್ಟು ಕಠೋರವಾಗಿ ಯಾಕೆ ಲೆಕ್ಕ ಕೇಳುತ್ತೀರಿ, ಮಕ್ಕಳು ಹೆದರಿಯಾದರೂ ದೂರ ಉಳಿಯಲಿ ಎನ್ನುವವರಿದ್ದಾರೆ. ಅವರಿಗೆ ನನ್ನ ಮನೆಯ ವಿಷಯ ಹೇಳಬೇಕು. ನನ್ನ ಅಪ್ಪ ಅಡಿಕೆ ಮರ ಹತ್ತುತ್ತಿದ್ದರು, ಕುಡಿಯುತ್ತಿದ್ದರು. ನಾವು ಮೂವರು ಮಕ್ಕಳು. ಒಬ್ಬ ಕುಡಿತಕ್ಕೆ ಬಿದ್ದು ಕಷ್ಟಪಟ್ಟು ಎದ್ದ. ಇಬ್ಬರು ಮುಟ್ಟಿಲ್ಲ. ಮೂರು ಜನರ ಲೆಕ್ಕದಿಂದ ಏನೂ ಸಾಬೀತಾಗುವುದಿಲ್ಲ, ಅದು ನನಗೆ ಗೊತ್ತು. ಆದರೆ ಅಕ್ಕನಿಗೆ ಬಂದಿದ್ದ ಒಂದು ಸಂಬಂಧ ಮುರಿದದ್ದು ಇದೇ ಲೆಕ್ಕದಿಂದ. “ಹುಡುಗಿ ಬಗ್ಗೆ ಏನೂ ಇಲ್ಲ ಮಾರಾಯ್ರೆ, ಆದ್ರೆ ಅದು ರಕ್ತದಲ್ಲೇ ಬರ್ತದಲ್ವಾ” ಎಂದು ಮಧ್ಯಸ್ಥರ ಕೈಲಿ ಹೇಳಿ ಕಳಿಸಿದ್ದರು. ಅವಳು ಏನು ಮಾಡಿದ್ದಾಳೆ ಎಂದು ಯಾರೂ ಕೇಳಲಿಲ್ಲ. ಇನ್ನೂ ಹುಟ್ಟದ ಮಕ್ಕಳು ಏನು ಮಾಡಬಹುದು ಎನ್ನುವುದು ಅವರಿಗೆ ಆಗಲೇ ಗೊತ್ತಿತ್ತು. ಮೊದಲೆಲ್ಲ ಇಂಥ ಮಾತನ್ನು ಕುಹಕ ಎನ್ನುತ್ತಿದ್ದರು. ಈಗ ಅದಕ್ಕೆ ‘ಸಂಶೋಧನೆ ಹೇಳುತ್ತದೆ’ ಎಂಬ ಮುದ್ರೆ ಬಿದ್ದಿದೆ.

ಹೆದರಿಸುವುದರಿಂದ ಪ್ರಯೋಜನವಾದರೂ ಉಂಟೇ? ಅಮೆರಿಕದಲ್ಲಿ ಪೊಲೀಸರೇ ಶಾಲೆಗೆ ಬಂದು ಪಾಠ ಹೇಳುವ ‘ಡೇರ್’ ಎಂಬ ಕಾರ್ಯಕ್ರಮ 1983ರಲ್ಲಿ ಶುರುವಾಯಿತು. ದಶಕಗಳ ಕಾಲ ಲಕ್ಷಾಂತರ ಮಕ್ಕಳು ಅದರಲ್ಲಿ ಕೂತರು. ಅದನ್ನು ಪರೀಕ್ಷಿಸಿದ ಅಧ್ಯಯನಗಳು ಮತ್ತೆ ಮತ್ತೆ ಹೇಳಿದ್ದು ಒಂದೇ: ಮಕ್ಕಳ ಮಾದಕ ವಸ್ತು ಬಳಕೆಯ ಮೇಲೆ ಅದರ ಪರಿಣಾಮ ಲೆಕ್ಕಕ್ಕೆ ಹಿಡಿಯುವಷ್ಟೂ ಇಲ್ಲ.

ನಾನು ಆನುವಂಶಿಕತೆಯನ್ನು ಅಲ್ಲಗಳೆಯುತ್ತಿಲ್ಲ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೇ ವಿವೇಕ್ ಬೆನೆಗಲ್ ಮತ್ತು ಸಹೋದ್ಯೋಗಿಗಳು 1995ರಲ್ಲಿ ಪ್ರಕಟಿಸಿದ ಕೆಲಸವಿದೆ. ಅಪರೂಪದ ಒಂದು ಸಂಕೇತಕ್ಕೆ ಮೆದುಳು ಪ್ರತಿಕ್ರಿಯಿಸುವಾಗ ಸುಮಾರು 300 ಮಿಲಿಸೆಕೆಂಡುಗಳ ನಂತರ ಒಂದು ವಿದ್ಯುತ್ ಅಲೆ ಏಳುತ್ತದೆ. ಕುಟುಂಬದಲ್ಲಿ ಮದ್ಯವ್ಯಸನ ಹೆಚ್ಚಿದ್ದಷ್ಟೂ ಆ ಮನೆಯ ಗಂಡುಮಕ್ಕಳಲ್ಲಿ ಈ ಅಲೆಯ ಎತ್ತರ ಕಡಿಮೆ ಎಂದು ಅವರು ಕಂಡರು. 2015ರಲ್ಲಿ ಅವಳಿಗಳ ಮತ್ತು ದತ್ತು ಮಕ್ಕಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಮಾಡಿದ ಲೆಕ್ಕದಲ್ಲಿ ಮದ್ಯವ್ಯಸನದ ಆನುವಂಶಿಕತೆ ಶೇ. 49 ಎಂದು ಬಂತು. ಇವು ಗಂಭೀರ ಕೆಲಸಗಳು.

ಆದರೆ ಶೇ. 49 ಎಂದರೇನು? ಅಪ್ಪನಿಂದ ನಿಮಗೆ ಅರ್ಧ ಕುಡಿತ ಬಂದಿದೆ ಎಂದೇ? ನಮ್ಮೂರಿನವರಿಗೆ ಅರ್ಥವಾಗುವಂತೆ ತೋಟದ ಲೆಕ್ಕದಲ್ಲಿ ಹೇಳುತ್ತೇನೆ. ಬೇರೆ ಬೇರೆ ತಳಿಯ ಅಡಿಕೆ ಸಸಿಗಳನ್ನು ಒಂದೇ ತೋಟದಲ್ಲಿ ನೆಟ್ಟು, ಎಲ್ಲದಕ್ಕೂ ಒಂದೇ ಸಮ ನೀರು, ಗೊಬ್ಬರ, ನೆರಳು ಕೊಟ್ಟರೆ ಇಳುವರಿಯ ವ್ಯತ್ಯಾಸವೆಲ್ಲ ತಳಿಯದ್ದೇ ಆಗುತ್ತದೆ. ಆನುವಂಶಿಕತೆ ನೂರಕ್ಕೆ ನೂರು. ಅದೇ ತೋಟದ ಒಂದು ಬದಿಗೆ ನೀರು ಹೋಗದಂತೆ ಮಾಡಿ. ಸಸಿಗಳು ಅವೇ, ತಳಿ ಅವೇ, ಆನುವಂಶಿಕತೆಯ ಅಂಕಿ ಮಾತ್ರ ಧಡಕ್ಕನೆ ಇಳಿಯುತ್ತದೆ. ಅಂದರೆ ಆ ಅಂಕಿ ಒಂದು ಗೊತ್ತಾದ ತೋಟದಲ್ಲಿ ಮರ ಮರಗಳ ನಡುವಿನ ವ್ಯತ್ಯಾಸವನ್ನು ವಿವರಿಸುತ್ತದೆ. ಒಂಟಿ ಮರದ ಹಣೆಬರಹವನ್ನು ಹೇಳುವುದಿಲ್ಲ. ತೋಟ ಬದಲಾದರೆ ಅಂಕಿಯೂ ಬದಲು. ಡೆನ್ಮಾರ್ಕ್, ಸ್ವೀಡನ್, ಅಮೆರಿಕದ ತೋಟದ ಅಂಕಿಯನ್ನು ತಂದು ಬೆಳ್ತಂಗಡಿಯ ಒಂದು ಸಸಿಯ ಕುತ್ತಿಗೆಗೆ ಕಟ್ಟುವುದು ವಿಜ್ಞಾನವಲ್ಲ.

ಎರಡನೆಯ ಜನಪ್ರಿಯ ವಾದ ಬಾಲ್ಯದ ನೋವಿನದು. 1998ರಲ್ಲಿ ವಿನ್ಸೆಂಟ್ ಫೆಲಿಟ್ಟಿ ಮತ್ತು ರಾಬರ್ಟ್ ಆಂಡಾ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ 9,508 ವಯಸ್ಕರನ್ನು ಅವರ ಬಾಲ್ಯದ ಬಗ್ಗೆ ಕೇಳಿದರು. ಹೊಡೆತ, ಲೈಂಗಿಕ ಶೋಷಣೆ, ಮನೆಯಲ್ಲಿ ಕುಡಿತ, ತಾಯಿಯ ಮೇಲೆ ಹಿಂಸೆ, ಹೀಗೆ ನಾಲ್ಕು ಅಥವಾ ಹೆಚ್ಚು ಬಗೆಯ ಕಹಿ ಅನುಭವವಿದ್ದವರಲ್ಲಿ ಮದ್ಯವ್ಯಸನ, ಮಾದಕ ವ್ಯಸನ, ಖಿನ್ನತೆ, ಆತ್ಮಹತ್ಯೆಯ ಪ್ರಯತ್ನಗಳ ಅಪಾಯ ನಾಲ್ಕರಿಂದ ಹನ್ನೆರಡು ಪಟ್ಟು ಹೆಚ್ಚು ಎಂದು ಕಂಡಿತು. ಬಾಲ್ಯದ ಹಿಂಸೆಯನ್ನು ಸಾರ್ವಜನಿಕ ಆರೋಗ್ಯದ ಪ್ರಶ್ನೆಯಾಗಿ ಮಾಡಿದ ಕೀರ್ತಿ ಈ ಅಧ್ಯಯನಕ್ಕೆ ಸಲ್ಲಬೇಕು. ಆದರೆ ಇದು ದೊಡ್ಡವರಾದ ಮೇಲೆ ಹಿಂದಿರುಗಿ ನೆನಪಿಸಿಕೊಂಡ ಬಾಲ್ಯ. ಕುಡಿತದಿಂದ ಬದುಕು ಕೆಟ್ಟವನು ‘ಯಾಕೆ ಹೀಗಾಯಿತು’ ಎಂದು ಹುಡುಕುತ್ತಾ ಹಿಂದೆ ಹೋಗುತ್ತಾನೆ. ಸುಖವಾಗಿರುವವನಿಗೆ ಆ ಹುಡುಕಾಟದ ಅಗತ್ಯ ಬೀಳುವುದಿಲ್ಲ.

ಇದು ಬರೀ ಊಹೆಯಲ್ಲ. ಬಾಲ್ಯದಲ್ಲೇ ದಾಖಲಾದ ಹಿಂಸೆಯನ್ನೂ ದೊಡ್ಡವರಾದ ಮೇಲೆ ಹೇಳಿದ ಹಿಂಸೆಯನ್ನೂ ಹೋಲಿಸಿದ ಅಧ್ಯಯನಗಳ ಸಮಗ್ರ ವಿಶ್ಲೇಷಣೆ 2019ರಲ್ಲಿ ಬಂತು. ದಾಖಲೆಯಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮುಂದೆ ಅದನ್ನು ಹೇಳಲಿಲ್ಲ. ಹೇಳಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ದಾಖಲೆ ಇರಲಿಲ್ಲ. ಹೇಳಿದವರು ಸುಳ್ಳು ಹೇಳಿದರು ಎಂದಲ್ಲ. ಹಿಂಸೆ ಎಲ್ಲ ಮನೆಯಲ್ಲೂ ದಾಖಲಾಗುವುದಿಲ್ಲ. ಆದರೆ ಇವು ಎರಡು ಬೇರೆ ಬೇರೆ ಗುಂಪುಗಳು ಎಂದಾಯಿತಲ್ಲ? ಆ ಅಂಕವನ್ನು ಒಬ್ಬೊಬ್ಬ ವ್ಯಕ್ತಿಯ ಭವಿಷ್ಯ ಹೇಳಲು ಬಳಸಬೇಡಿ ಎಂದು 2020ರಲ್ಲಿ ಎಚ್ಚರಿಸಿ ಬರೆದವರಲ್ಲಿ ಅದನ್ನು ಕಟ್ಟಿದ ಆಂಡಾ ಅವರೇ ಮೊದಲಿಗರು. ಅಡುಗೆ ಮಾಡಿದವರೇ ಬೇಡ ಎಂದರೂ ನಾವು ಬಡಿಸುತ್ತಿದ್ದೇವೆ.

ಮುಂದಕ್ಕೆ ನೋಡುತ್ತಾ ಹೋದ ಅಧ್ಯಯನಗಳ ಕತೆಯೇ ಬೇರೆ. ಹಾರ್ವರ್ಡಿನ ಜಾರ್ಜ್ ವೈಲಂಟ್ ದಶಕಗಳ ಕಾಲ ಹಿಂಬಾಲಿಸಿದ ನೂರಾರು ಗಂಡಸರ ವೃತ್ತಾಂತವನ್ನು 1983ರ ಪುಸ್ತಕದಲ್ಲಿ ಮಂಡಿಸಿದರು. ‘ಕುಡುಕನ ವ್ಯಕ್ತಿತ್ವ’ ಎಂದು ನಾವು ಕರೆಯುವುದು, ಅಂದರೆ ಅವಲಂಬನೆ, ಖಿನ್ನತೆ, ಸ್ವಾನುಕಂಪ, ಇವೆಲ್ಲ ಬಹುಪಾಲು ಕುಡಿತದ ನಂತರ ಬಂದವು, ಮೊದಲಲ್ಲ ಎನ್ನುವುದು ಅವರ ಮುಖ್ಯ ವಾದಗಳಲ್ಲಿ ಒಂದು. ಕಾರಣ ಎಂದುಕೊಂಡದ್ದು ಪರಿಣಾಮವಾಗಿತ್ತು. ಆಸ್ಪತ್ರೆಯ ಕುರ್ಚಿಯಲ್ಲಿ ಕುಳಿತ ರೋಗಿಯನ್ನು ಮಾತ್ರ ನೋಡಿ ಪಾಠ ಬರೆದರೆ ಈ ತಲೆಕೆಳಗು ಕಾಣುವುದೇ ಇಲ್ಲ.

ಮೂರನೆಯದು ಮೊದಲ ಗುಟುಕಿನ ವಯಸ್ಸು. 15ಕ್ಕಿಂತ ಮೊದಲು ಕುಡಿಯಲು ಶುರುಮಾಡಿದವರಲ್ಲಿ ಶೇ. 40ರಷ್ಟು ಮಂದಿ ಜೀವನದ ಯಾವುದೋ ಹಂತದಲ್ಲಿ ಮದ್ಯಾವಲಂಬಿಗಳಾದರು, 20 ದಾಟಿ ಶುರುಮಾಡಿದವರಲ್ಲಿ ಶೇ. 10ರಷ್ಟು ಎಂದು ಅಮೆರಿಕದ ಒಂದು ದೊಡ್ಡ ಸಮೀಕ್ಷೆಯ ವಿಶ್ಲೇಷಣೆ 1997ರಲ್ಲಿ ಹೇಳಿತು. ಎರಡೇ ವರ್ಷದಲ್ಲಿ, ಅವಳಿಗಳನ್ನು ಅಧ್ಯಯನ ಮಾಡಿದ ಕೆನೆತ್ ಕೆಂಡ್ಲರ್ ಮತ್ತು ಕರೋಲ್ ಪ್ರೆಸ್ಕಾಟ್ ಈ ಸಂಬಂಧ ಕಾರ್ಯಕಾರಣದ್ದಲ್ಲ ಎಂದು ವಾದಿಸಿದರು. ಬೇಗ ಶುರುಮಾಡಿಸುವ ಕಾರಣಗಳೇ ಮುಂದೆ ವ್ಯಸನಕ್ಕೂ ದಾರಿಯಾಗುತ್ತವೆ, ವಯಸ್ಸು ಬರೀ ಗುರುತು ಎಂಬುದು ಅವರ ನಿಲುವು. ವಾದ ಮುಗಿದಿಲ್ಲ. ಆದರೆ ನಮ್ಮ ಪೋಸ್ಟರುಗಳಿಗೆ ಬಂದದ್ದು ಮೊದಲ ಅರ್ಧ ಮಾತ್ರ.

ಆ ಪ್ರಶ್ನೆಯನ್ನು ನಮ್ಮ ತುಳುನಾಡಿಗೆ ತಂದು ನೋಡಿ. ಕೊರಗಜ್ಜನಿಗೆ ಚಕ್ಕುಲಿ, ಬೀಡದ ಜೊತೆ ಶೇಂದಿಯನ್ನೂ ಹರಕೆಯಾಗಿ ಬಡಿಸುವ ನೆಲ ಇದು. ಮೂರ್ತೆ ಇಲ್ಲಿ ಒಂದು ಸಮುದಾಯದ ಕುಲಕಸುಬಾಗಿತ್ತು. ಶೇಂದಿ ಇಳಿಸುವವರ ಅಂಗಳದಲ್ಲಿ ಬೆಳೆದ ಹುಡುಗ ಹತ್ತರ ವಯಸ್ಸಿನಲ್ಲಿ ಸಿಹಿ ಕಳ್ಳಿನ ರುಚಿ ನೋಡಿದ್ದಕ್ಕೂ, ಪೇಟೆಯ ಹುಡುಗ ಹದಿನಾಲ್ಕಕ್ಕೆ ಮನೆಯವರಿಗೆ ಗೊತ್ತಾಗದಂತೆ ಗೋಡೆಯ ಹಿಂದೆ ಕ್ವಾರ್ಟರ್ ಬಾಟಲಿ ತೆರೆದದ್ದಕ್ಕೂ ಒಂದೇ ಅರ್ಥವೇ? ಪ್ರಶ್ನಾವಳಿಯಲ್ಲಿ ಇಬ್ಬರದೂ ‘15ಕ್ಕಿಂತ ಮೊದಲು’ ಎಂಬ ಒಂದೇ ಚೌಕ. ಮನಶ್ಶಾಸ್ತ್ರದ ಪ್ರಮುಖ ಪತ್ರಿಕೆಗಳ ಅಧ್ಯಯನಗಳಲ್ಲಿ ಭಾಗವಹಿಸಿದವರ ಪೈಕಿ ಶೇ. 96ರಷ್ಟು ಮಂದಿ, ಜಗತ್ತಿನ ಶೇ. 12 ಜನ ವಾಸಿಸುವ ಪಾಶ್ಚಾತ್ಯ ಕೈಗಾರಿಕಾ ದೇಶಗಳವರು ಎಂದು ಜೋಸೆಫ್ ಹೆನ್ರಿಚ್ ಮತ್ತು ಗೆಳೆಯರು 2010ರಲ್ಲಿ ಎತ್ತಿ ತೋರಿಸಿದ್ದರು. ಈ ಕೊರತೆಯನ್ನು ತುಂಬುವ ಪ್ರಯತ್ನ ನಮ್ಮಲ್ಲಿ ಆಗಿಲ್ಲವೆಂದಲ್ಲ. ನಿಮ್ಹಾನ್ಸ್ ಮುಂದಾಳತ್ವದ ‘ಸಿ-ವೇದಾ’ ಯೋಜನೆ ದೇಶದ ಏಳು ಕೇಂದ್ರಗಳಲ್ಲಿ 6ರಿಂದ 23 ವರ್ಷದ ಸುಮಾರು ಒಂಬತ್ತು ಸಾವಿರ ಮಂದಿಯನ್ನು ಸೇರಿಸಿಕೊಂಡಿತು. ಮೈಸೂರೂ ಅದರಲ್ಲಿತ್ತು. ಇಂಥ ಕೆಲಸಕ್ಕೆ ಬೇಕಾದದ್ದು ವರ್ಷಗಟ್ಟಲೆ ತಾಳ್ಮೆ. ಭಾಷಣಕ್ಕೆ ಬೇಕಾದದ್ದು ಒಂದು ಅಂಕಿ.

ಈಗ ನನ್ನ ಮುಖ್ಯ ದೂರಿಗೆ ಬರುತ್ತೇನೆ. ಈ ಅಧ್ಯಯನಗಳು ಅಳೆದದ್ದಕ್ಕಿಂತ ಅಳೆಯದೆ ಬಿಟ್ಟದ್ದು ದೊಡ್ಡದು. ಮನಶ್ಶಾಸ್ತ್ರಜ್ಞನ ಎದುರಿಗೆ ಬಂದು ಕೂರುವುದು ಒಬ್ಬ ಮನುಷ್ಯ. ಹಾಗಾಗಿ ಅವನ ವಂಶ, ಬಾಲ್ಯ, ಸ್ವಭಾವ, ಮೆದುಳು ಅಳತೆಗೆ ಸಿಗುತ್ತವೆ. ಅವನ ಹಿಂದಿರುವ ರಸ್ತೆ, ಅಂಗಡಿ, ಕೂಲಿ, ಸರ್ಕಾರ ಕೋಣೆಯೊಳಗೆ ಬರುವುದಿಲ್ಲ. ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡುವವರನ್ನು ನೋಡಿದ್ದೀರಾ? ಜಾರುವ ಮರದ ತುದಿಯಲ್ಲಿ, ಮೈಯೆಲ್ಲ ಬೋರ್ಡೋ ದ್ರಾವಣದಲ್ಲಿ ನೆನೆದು, ಒಂದು ಮರದಿಂದ ಇನ್ನೊಂದಕ್ಕೆ ದಾಟಿಕೊಂಡು ದಿನ ಕಳೆಯುವವರ ಮೈನೋವು, ಚಳಿ, ಬಿದ್ದರೆ ಮುಗಿಯಿತು ಎಂಬ ಭಯ, ಸಂಜೆ ಕೈಗೆ ಬರುವ ನಗದು, ದಾರಿಯಲ್ಲೇ ಸಿಗುವ ಬಾರು. ಇದು ಅಪಾಯದ ಅಂಶ ಅಲ್ಲವೇ? ನನ್ನ ಅಪ್ಪನ ಮೆದುಳಿನ ಅಲೆ ಎಷ್ಟು ಎತ್ತರವಿತ್ತೋ ನಾನರಿಯೆ. ಅವರು ಹತ್ತುತ್ತಿದ್ದ ಮರದ ಎತ್ತರ ನೋಡಿದ್ದೇನೆ.

ಪರಿಸರಕ್ಕೆ ಎಷ್ಟು ಬಲವಿದೆ ಎನ್ನುವುದಕ್ಕೆ ಲೀ ರಾಬಿನ್ಸ್ ಅವರ ಅಧ್ಯಯನಕ್ಕಿಂತ ದೊಡ್ಡ ಸಾಕ್ಷಿ ಬೇಡ. 1971ರ ಸೆಪ್ಟೆಂಬರಿನಲ್ಲಿ ವಿಯೆಟ್ನಾಮಿನಿಂದ ಮರಳಿದ ಅಮೆರಿಕದ ಸೈನಿಕರಲ್ಲಿ ಸುಮಾರು 900 ಮಂದಿಯನ್ನು ಅವರ ತಂಡ ಮಾತಾಡಿಸಿತು. ಐವರಲ್ಲಿ ಒಬ್ಬರು ಅಲ್ಲಿ ಹೆರಾಯಿನ್, ಅಫೀಮಿನಂಥ ಮಾದಕಗಳಿಗೆ ದಾಸರಾಗಿದ್ದೆವು ಎಂದರು. ಊರಿಗೆ ಬಂದ ಮೊದಲ ವರ್ಷದಲ್ಲಿ ಅವರಲ್ಲಿ ಮತ್ತೆ ವ್ಯಸನಕ್ಕೆ ಬಿದ್ದವರು ಶೇ. 5ರಷ್ಟು ಮಾತ್ರ. ವಂಶ ಅದೇ, ಬಾಲ್ಯ ಅದೇ. ಬದಲಾದದ್ದು ಯುದ್ಧ, ಅಗ್ಗದ ಹೆರಾಯಿನ್, ಸುತ್ತಲಿನ ಜನ.

ನಮ್ಮಲ್ಲಿ ಆ ಸುತ್ತಲನ್ನು ರೂಪಿಸುತ್ತಿರುವವರು ಯಾರು? 2007ರ ಜುಲೈಯಲ್ಲಿ ಕರ್ನಾಟಕ ಸರ್ಕಾರ ಸಾರಾಯಿ ನಿಲ್ಲಿಸಿತು. ಕುಡಿತ ನಿಲ್ಲಲಿಲ್ಲ, ಅಗ್ಗದ ಬ್ರಾಂದಿ, ವಿಸ್ಕಿಗೆ ದಾಟಿತು. ಇವತ್ತು ಅದು 90 ಎಂಎಲ್‌ನ ಪುಟ್ಟ ಪೊಟ್ಟಣದಲ್ಲಿ, ಕಿಸೆಯಲ್ಲಿ ಹಿಡಿಸುವ ಹಾಗೆ ಸಿಗುತ್ತದೆ. ಸಗಟು ಮಾರಾಟ ಸರ್ಕಾರದ ಪಾನೀಯ ನಿಗಮದ್ದು. ಚಿಲ್ಲರೆಗೆ ಎಂಎಸ್‌ಐಎಲ್ ಮಳಿಗೆಗಳು ಉಂಟು. 2025-26ರ ಬಜೆಟ್‌ನಲ್ಲಿ ಅಬಕಾರಿಯಿಂದ ನಿರೀಕ್ಷಿಸಿದ ಆದಾಯ 40,000 ಕೋಟಿ ರೂಪಾಯಿ. ಆದಾಯಕ್ಕೆ ಗುರಿ ನಿಗದಿ ಮಾಡಿದರೆ, ಆ ಗುರಿ ಮುಟ್ಟುವಷ್ಟು ಯಾರಾದರೂ ಕುಡಿಯಲೇಬೇಕು. ಹೀಗೆ ಕುಡಿಸುವ ವ್ಯವಸ್ಥೆಯೇ ಜೂನ್ 26ರಂದು ಮಕ್ಕಳ ಮುಂದೆ ನಿಂತು ‘ನಿಮ್ಮ ಜೀನ್ ಸರಿಯಿಲ್ಲ’ ಎನ್ನುವುದರಲ್ಲಿ ಒಂದು ಅನುಕೂಲವಿದೆ. ತಪ್ಪು ರಕ್ತದಲ್ಲಿದ್ದರೆ ಅಂಗಡಿಯ ಲೈಸೆನ್ಸು, ಅದರ ಸಮಯ, ಪೊಟ್ಟಣದ ಗಾತ್ರ, ಬೆಲೆ ಯಾವುದರ ಬಗ್ಗೆಯೂ ಮಾತಾಡಬೇಕಾಗಿಲ್ಲ.

ಬದಲಾಯಿಸಲು ಸಾಧ್ಯ ಎನ್ನುವುದಕ್ಕೆ ಪುರಾವೆಗಳಿವೆ. ಸ್ಕಾಟ್ಲೆಂಡ್ 2018ರಲ್ಲಿ ಮದ್ಯಕ್ಕೆ ಕನಿಷ್ಠ ದರ ನಿಗದಿ ಮಾಡಿತು. ಅದರ ನಂತರ, ಕುಡಿತವೇ ನೇರ ಕಾರಣವಾದ ಸಾವುಗಳು ಶೇ. 13ರಷ್ಟು ತಗ್ಗಿದವು ಎಂದು 2023ರ ಅಧ್ಯಯನ ಅಂದಾಜಿಸಿತು. ಯಾರ ಜೀನನ್ನೂ ಮುಟ್ಟಲಿಲ್ಲ. ನಮ್ಮ ನೆರೆಯ ಗೋವಾದಲ್ಲಿ ಸಂಗಾತ್ ಸಂಸ್ಥೆ, ವೈದ್ಯರಲ್ಲದ ಸಾಮಾನ್ಯರಿಗೆ ತರಬೇತಿ ಕೊಟ್ಟು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಆಪ್ತಸಲಹೆ ಕೊಡಿಸಿತು. 2017ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ, ಸಲಹೆ ಪಡೆದ ಗುಂಪಿನಲ್ಲಿ ಶೇ. 36 ಮಂದಿ ಮೂರು ತಿಂಗಳಲ್ಲಿ ಅಪಾಯಕಾರಿ ಕುಡಿತದಿಂದ ಹೊರಬಂದಿದ್ದರು. ಮಾಮೂಲಿ ಚಿಕಿತ್ಸೆಯಲ್ಲಿ ಶೇ. 26. ಪವಾಡವಲ್ಲ, ಆದರೆ ನಿಜ. ಅದೇ ದೇಶದಲ್ಲಿ, 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯಾವಲಂಬಿಗಳಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಏನಾದರೊಂದು ಚಿಕಿತ್ಸೆ ಸಿಕ್ಕಿದೆ. ಚಿಕಿತ್ಸೆ ಸಿಗದಿರುವುದಕ್ಕಿಂತ ದೊಡ್ಡ ರಿಸ್ಕ್ ಫ್ಯಾಕ್ಟರ್ ಯಾವುದು?

ನಮ್ಮ ತಾಲೂಕಿನ ಮದ್ಯವರ್ಜನ ಶಿಬಿರಗಳನ್ನೂ ಈ ಕಣ್ಣಿನಿಂದ ನೋಡಬೇಕು. ಅಲ್ಲಿನ ಪ್ರಮಾಣ, ಪಾಪಪುಣ್ಯದ ಭಾಷೆ ನನಗೆ ಒಗ್ಗುವುದಿಲ್ಲ. ಕುಡಿತ ಪಾಪವೂ ಅಲ್ಲ, ಶಾಪವೂ ಅಲ್ಲ. ಆದರೆ ಅಲ್ಲಿ ನಡೆಯುವ ಒಂದು ಕೆಲಸವನ್ನು ಗಮನಿಸಿ. ಊರಿನವರೇ ಸಮಿತಿ ಮಾಡಿ, ಊರಿನದೇ ಸಭಾಭವನದಲ್ಲಿ ದಿನಗಟ್ಟಲೆ ಕೂರಿಸಿ ಊಟ ಹಾಕುತ್ತಾರೆ, ಮನೆಯವರನ್ನು ಕರೆಸುತ್ತಾರೆ, ಆಮೇಲೆ ನವಜೀವನ ಸಮಿತಿ ಎಂದು ಬಿಟ್ಟವರನ್ನು ಒಟ್ಟಿಗೆ ಸೇರಿಸುತ್ತಾರೆ. ಊರು ದೂರ ಇಟ್ಟವನನ್ನು ಊರೇ ವಾಪಸು ಕರೆಯುವ ಕ್ರಮ ಅದು. ಅದರಲ್ಲಿ ಯಾವುದು ಫಲ ಕೊಡುತ್ತದೆ, ಯಾರಿಗೆ, ಎಷ್ಟು ಕಾಲ ಎಂದು ಸ್ವತಂತ್ರವಾಗಿ, ಮುಂದಕ್ಕೆ ನೋಡುತ್ತಾ ಅಳೆಯುವುದು ನಮ್ಮ ಸುತ್ತಲಿನ ಮನಶ್ಶಾಸ್ತ್ರ, ಸಮಾಜಕಾರ್ಯ ವಿಭಾಗಗಳು ಮಾಡಬೇಕಾದ ಕೆಲಸ. ಇನ್ನೂರು ಕಾಲೇಜು ಮಕ್ಕಳಿಗೆ ಗೂಗಲ್ ಫಾರ್ಮ್ ಕಳಿಸಿ ‘ವ್ಯಕ್ತಿತ್ವಕ್ಕೂ ವ್ಯಸನಕ್ಕೂ ಸಂಬಂಧ’ ಹುಡುಕುವುದಕ್ಕಿಂತ ಅದು ಕಷ್ಟದ ಕೆಲಸ. ಹಾಗಾಗಿಯೇ ಬೇಕಾದದ್ದು.

ಇದನ್ನು ಓದುವವರಲ್ಲಿ ವಿದ್ಯಾರ್ಥಿಗಳು ಬಹಳ ಇದ್ದೀರಿ. ಮುಂದಿನ ಬಾರಿ ವೇದಿಕೆಯಿಂದ ‘ಇಷ್ಟು ಪಟ್ಟು’ ಎಂಬ ಮಾತು ಬಂದಾಗ ಎದ್ದು ನಿಂತು ಮೂರು ಪ್ರಶ್ನೆ ಕೇಳಿ. ಎಷ್ಟಕ್ಕೆ ಎಷ್ಟು ಪಟ್ಟು, ಅಂದರೆ ನೂರರಲ್ಲಿ ಎಷ್ಟು ಜನ? ಇದು ಹಿಂದಿರುಗಿ ನೆನಪಿಸಿಕೊಂಡದ್ದೋ, ಮುಂದಕ್ಕೆ ಹಿಂಬಾಲಿಸಿದ್ದೋ, ಎಲ್ಲಿಯ ಯಾರನ್ನು ಹಿಂಬಾಲಿಸಿದ್ದು? ಮತ್ತೆ, ಅಂಗಡಿ, ಬೆಲೆ, ಕೂಲಿ, ಚಿಕಿತ್ಸೆ ಇವುಗಳನ್ನು ಅಳೆದಿದ್ದಾರೆಯೇ? ಉತ್ತರ ಗೊತ್ತಿರುವ ಸಂಪನ್ಮೂಲ ವ್ಯಕ್ತಿ ಖುಷಿಪಟ್ಟು ಹೇಳುತ್ತಾರೆ. ಗೊತ್ತಿಲ್ಲದವರು ಸಿಟ್ಟಾಗುತ್ತಾರೆ, ಆಗಲಿ. ಆ ಸಭೆಯಲ್ಲಿ ತಲೆ ತಗ್ಗಿಸಿ ಕುಳಿತ ಮಗುವೊಂದು ಇದ್ದೇ ಇರುತ್ತದೆ. ನಿಮ್ಮ ಪ್ರಶ್ನೆ ಅದರ ಕಿವಿಗೂ ಬೀಳುತ್ತದೆ.